ಗುಂಡಿನ ಆಚೆ ಬದಿಯ ಗೋಡೆ

ನಿವೃತ್ತಿಯ ದಿನ ಸಂಜೆ ಸನ್ಮಾನದ ಹಾರವನ್ನು ಜೀಪಿನಲ್ಲೇ ಬಿಟ್ಟು ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಶಸ್ತ್ರಾಗಾರಕ್ಕೆ ಹೋದೆ. ಅಲ್ಲಿನ ಎಎಸ್‌ಐ ನನ್ನ ಪಿಸ್ತೂಲಿನಿಂದ ತೋಟಾ ತುಂಬಿಡುವ ಮ್ಯಾಗಜೀನ್ ಕಳಚಿದರು. ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಎರಡು ಸಲ ಎಳೆದು, ತೋಟಾ ಕೂರುವ ಚೇಂಬರಿನೊಳಕ್ಕೆ ಕಿರುಬೆರಳು ತೂರಿಸಿ ಖಾಲಿ ಎಂದು ಖಚಿತಪಡಿಸಿಕೊಂಡರು. ಆಮೇಲೆ ರೌಂಡುಗಳನ್ನು ಐದೈದರಂತೆ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಎಣಿಸಿ, ಪಿಸ್ತೂಲಿನ ಗುರುತಾದ ಬಟ್ ನಂಬರನ್ನು ಗಟ್ಟಿಯಾಗಿ ಓದಿ, ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿದರು. ನಾನು ಸಹಿ ಹಾಕಿದೆ. ಮೆಟ್ಟಿಲಿಳಿಯುವಾಗ ಬಲಸೊಂಟ ಹಗುರಾಗಿ, ನಡಿಗೆಯೇ ಒಂದು ಕಡೆಗೆ ವಾಲಿದಂತೆ ಅನಿಸಿತು. ಮೂವತ್ತೈದು ವರ್ಷ ಸುಮಾರು ಒಂದು ಕಿಲೋ ಕಬ್ಬಿಣವನ್ನು ಹೊತ್ತ ದೇಹ ಆ ಭಾರವನ್ನು ತನ್ನದೇ ಅಂಗವೆಂದು ಎಣಿಸಿಕೊಂಡಿತ್ತು.

ಅಷ್ಟು ವರ್ಷಗಳಲ್ಲಿ ನಾನು ಹೊತ್ತ ಒಂದು ಆಯುಧವನ್ನೂ ನಾನು ಆರಿಸಿಕೊಂಡವನಲ್ಲ. ಇಲಾಖೆ ಕೊಟ್ಟಿತು, ನಾನು ತೊಟ್ಟೆ. ನಾನು ತನಿಖೆ ಮಾಡಿದ ಒಂದು ಕೊಲೆ ಪ್ರಕರಣದ ಅಪರಾಧಿ ಶಿಕ್ಷೆ ಮುಗಿಸಿ ಹೊರಬಂದು, ನಾನಿರುವ ತಾಲ್ಲೂಕಿನಲ್ಲೇ ನೆಲೆಸಿದ್ದಾನೆ ಎಂದು ತಿಳಿದ ಮೇಲೆ, ಹಳೆಯ ಸಹೋದ್ಯೋಗಿಗಳ ಒತ್ತಾಯಕ್ಕೆ ಮಣಿದು ಆತ್ಮರಕ್ಷಣೆಯ ಪರವಾನಗಿಗೆ ಅರ್ಜಿ ಹಾಕಿದೆ. ಆಗ ಮೊದಲ ಬಾರಿಗೆ ಆಯ್ಕೆಯ ಪ್ರಶ್ನೆ ನನ್ನೆದುರು ಬಂದಿತು. ಯಾವ ಬೋರು, ಅಂದರೆ ನಳಿಗೆಯ ಒಳಅಳತೆ? ಯಾವ ತೋಟಾ, ಅಂದರೆ ಗುಂಡು ಮದ್ದು ಎರಡೂ ಸೇರಿದ ಕಾರ್ಟ್ರಿಜ್? ಪಿಸ್ತೂಲೋ ರಿವಾಲ್ವರೋ? ಅರ್ಜಿ ಮಂಜೂರಾಗಲು ಹಿಡಿದ ತಿಂಗಳುಗಳನ್ನು ನಾನು ಈ ಪ್ರಶ್ನೆಗಳನ್ನು ಯೋಚಿಸುತ್ತಲೇ ಕಳೆದೆ. ಯೋಚಿಸುತ್ತ ಹೋದಂತೆ, ಆಯುಧಗಳ ಬಗ್ಗೆ ನನಗೆ ಗೊತ್ತಿದೆ ಎಂದುಕೊಂಡಿದ್ದ ಹಲವು ಸಂಗತಿಗಳನ್ನು ಮೊದಲಿನಿಂದ ಕಲಿಯಬೇಕಾಯಿತು.

ಪಿಎಸ್‌ಐ ಆಗಿ ಸೇರಿದಾಗ ನನ್ನ ಕೈಗೆ ಬಂದದ್ದು .38 ಬೋರಿನ ವೆಬ್ಲಿ ಮಾದರಿಯ ರಿವಾಲ್ವರ್. ಹಿಂಬದಿಯ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ, ಆರು ಖಾಲಿ ತೋಟಾಗಳೂ ಒಟ್ಟಿಗೆ ಮೇಲೆದ್ದು ಅಂಗೈಗೆ ಬೀಳುತ್ತಿದ್ದವು. ಅವುಗಳಲ್ಲಿ ಒಂದು ಕಳೆದರೂ ಸಂಜೆಯವರೆಗೆ ಹುಲ್ಲಿನಲ್ಲಿ ಹುಡುಕಬೇಕಾಗಿದ್ದರಿಂದ ನಾವೆಲ್ಲ ಅಂಗೈ ಒಡ್ಡುವುದನ್ನು ಗುಂಡು ಹಾರಿಸುವುದಕ್ಕಿಂತ ಮೊದಲೇ ಕಲಿತಿದ್ದೆವು. ಕಲಬುರಗಿ ಕಡೆಯ ಒಬ್ಬ ಉಸ್ತಾದರು ನಮಗೆ ಫೈರಿಂಗ್ ಕಲಿಸಿದರು. ರಿವಾಲ್ವರಿನ ಟ್ರಿಗರ್ ಭಾರ. ಸುತ್ತಿಗೆಯನ್ನು ಮೊದಲೇ ಹಿಂದಕ್ಕೆಳೆಯದೆ ಒಂದೇ ಎಳೆತದಲ್ಲಿ ಹಾರಿಸುವಾಗ ಬೆರಳಿನೊಡನೆ ಮಣಿಕಟ್ಟೂ ಬಾಗುತ್ತದೆ. "ಎಳೀಬ್ಯಾಡ್ರಿ, ಒತ್ರಿ. ಎಳೆದ್ರ ಗುಂಡು ನೆಲಕ್ಕ ಹೋಗ್ತದ" ಎನ್ನುತ್ತಿದ್ದರು. ನಳಿಗೆಯ ತುದಿಯ ಮೇಲೆ ಒಂದು ನಾಣ್ಯವನ್ನಿಟ್ಟು, ಖಾಲಿ ರಿವಾಲ್ವರಿನ ಟ್ರಿಗರನ್ನು ಅದು ಬೀಳದಂತೆ ಇಪ್ಪತ್ತು ಸಲ ಒತ್ತಿಸುತ್ತಿದ್ದರು. ಹದಿನೈದು ದಿನ ನಾವು ಮಾಡಿದ್ದು ಅದೊಂದೇ ಕೆಲಸ. ಇಂದಿಗೂ ನನ್ನ ಬೆರಳಿಗೆ ಗೊತ್ತಿರುವ ವಿದ್ಯೆಯೆಲ್ಲ ಆ ಹದಿನೈದು ದಿನಗಳದ್ದು.

ನಮ್ಮ ಈ .38 ಅನ್ನು ಅಮೆರಿಕದ .38 ಸ್ಪೆಷಲ್ ಎಂದು ತಿಳಿದವರು ಇಲಾಖೆಯಲ್ಲೇ ಬಹಳ ಮಂದಿ ಇದ್ದರು. ಎರಡೂ ಬೇರೆ ಬೇರೆ. ನಮ್ಮದು ಅದಕ್ಕಿಂತ ಗಿಡ್ಡವಾದ, ಮಂದಗತಿಯ ಬ್ರಿಟಿಷ್ ಸೇನೆಯ ತೋಟಾ. ಅದರ ಹುಟ್ಟಿನ ಹಿಂದೆ ಒಂದು ವಿವೇಕವಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಬಳಸುತ್ತಿದ್ದ .455 ರಿವಾಲ್ವರ್ ದಪ್ಪ ಗುಂಡಿನದು, ಬಲವಾದದ್ದು; ಆದರೆ ಅವಸರದಲ್ಲಿ ತರಬೇತಿ ಪಡೆದ ಸಾಮಾನ್ಯ ಸೈನಿಕನಿಗೆ ಅದನ್ನು ಗುರಿಯಿಟ್ಟು ಹಾರಿಸುವುದು ಕಷ್ಟವಾಗಿತ್ತು. ಆದ್ದರಿಂದ ಯುದ್ಧ ಮುಗಿದ ಮೇಲೆ ಅವರು .38ಕ್ಕೆ ಇಳಿದರು. 200 ಗ್ರೇನ್ ತೂಕದ, ಅಂದರೆ ಸುಮಾರು 13 ಗ್ರಾಮಿನ ಸೀಸದ ಗುಂಡನ್ನು ನಿಧಾನವಾಗಿ ಹಾರಿಸುವ ಈ ತೋಟಾ ಕೈಗೆ ಕಡಿಮೆ ಒದೆತ ಕೊಡುತ್ತಿತ್ತು, ಹಾಗಾಗಿ ಕಲಿಯುವುದು ಸುಲಭವಾಗಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬರಿಯ ಸೀಸದ ಗುಂಡಿನ ಬದಲು ಲೋಹದ ಹೊದಿಕೆಯ, ಸ್ವಲ್ಪ ಹಗುರವಾದ 178 ಗ್ರೇನಿನ ಗುಂಡು ಬಂದಿತು. ನಾವು ಕಾಗದದ ಗುರಿಗೆ ಹಾರಿಸಿದ್ದು ಅದೇ ವಂಶದ ತೋಟಾಗಳನ್ನು. ಯೌವನದಲ್ಲಿ ನಾನು ಆ ರಿವಾಲ್ವರನ್ನು ಮುದುಕರ ಆಯುಧವೆಂದು ಕಡೆಗಣಿಸಿದ್ದೆ. ಹಾರಿಸುವವನ ಕೈಯನ್ನು ಮೊದಲು ನೋಡಿ, ಆಮೇಲೆ ತೋಟಾ ಅಳೆದ ಆ ಕ್ರಮ ಎಷ್ಟು ಸರಿಯಾಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಹಳೆಯ ತೋಟಾಗಳ ಸಮಸ್ಯೆ ಒಂದಿತ್ತು. ವಾರ್ಷಿಕ ಫೈರಿಂಗಿಗೆ ಬರುತ್ತಿದ್ದವು ಅವಧಿ ಮೀರಿದ ಲಾಟುಗಳು. ಆರರಲ್ಲಿ ಒಂದು ಹಾರದೆ ಉಳಿಯುವುದು ಅಪರೂಪವಾಗಿರಲಿಲ್ಲ. ರಿವಾಲ್ವರಿನಲ್ಲಿ ಹಾಗಾದರೆ ಇನ್ನೊಮ್ಮೆ ಟ್ರಿಗರ್ ಒತ್ತಿದರಾಯಿತು, ಸಿಲಿಂಡರ್ ತಿರುಗಿ ಮುಂದಿನ ತೋಟಾ ಎದುರಿಗೆ ಬರುತ್ತದೆ. ಮೈದಾನದಲ್ಲಿ ಮಾತ್ರ ಉಸ್ತಾದರು ಅವಸರ ಪಡಲು ಬಿಡುತ್ತಿರಲಿಲ್ಲ. ತಡವಾಗಿ ಹೊತ್ತಿಕೊಳ್ಳುವ ತೋಟಾ ಇದ್ದೀತೆಂದು ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತರವರೆಗೆ ಎಣಿಸಿಸುತ್ತಿದ್ದರು.

ಇನ್ಸ್‌ಪೆಕ್ಟರ್ ಆದ ಮೇಲೆ 9 ಎಂ.ಎಂ. ಪಿಸ್ತೂಲು ಬಂದಿತು. ನಮ್ಮವರು ಅದನ್ನು ಒನ್-ಎ ಎನ್ನುತ್ತಾರೆ. ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದ, ಬ್ರೌನಿಂಗ್ ಹೈ-ಪವರ್ ಪಿಸ್ತೂಲಿನ ಭಾರತೀಯ ರೂಪ ಅದು. ಮ್ಯಾಗಜೀನಿನಲ್ಲಿ 13 ತೋಟಾ. ಹಿಡಿ ಅಂಗೈಗೆ ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ಕಣ್ಣು ಮುಚ್ಚಿ ಕೈ ಚಾಚಿ ಕಣ್ಣು ತೆರೆದರೆ ನಳಿಗೆ ನೋಟದ ನೇರಕ್ಕೇ ಇರುತ್ತದೆ. ಕೈ ಸ್ವಲ್ಪ ದಪ್ಪಗಿದ್ದವರಿಗೆ ಸುತ್ತಿಗೆ ಹಿಂದಕ್ಕೆ ಬಂದು ಹೆಬ್ಬೆರಳಿನ ಬುಡದ ಚರ್ಮವನ್ನು ಕಚ್ಚುತ್ತದೆ. ಫೈರಿಂಗ್ ದಿನ ನನ್ನ ಕೈಯಲ್ಲಿ ಅಲ್ಲೊಂದು ಕೆಂಪು ಗೀರು ಖಚಿತವಾಗಿರುತ್ತಿತ್ತು. ಈ ಪಿಸ್ತೂಲನ್ನು ಅದರ ವಿನ್ಯಾಸಕಾರರು ಚೇಂಬರಿನಲ್ಲಿ ತೋಟಾ ಇಟ್ಟು, ಸುತ್ತಿಗೆ ಎಳೆದು, ಸೇಫ್ಟಿ ಹಾಕಿ ತೊಡಬಹುದಾದಂತೆ ಮಾಡಿದ್ದರು. ನಮಗಿದ್ದ ಆದೇಶ ಚೇಂಬರ್ ಖಾಲಿ ಇರಬೇಕೆಂಬುದು. ಅಪಘಾತ ತಪ್ಪಿಸಲು ಅದು ಒಳ್ಳೆಯ ಆದೇಶವೇ. ಆದರೆ ಹಾಗೆ ತೊಟ್ಟ ಪಿಸ್ತೂಲನ್ನು ಬಳಸಲು ಎರಡು ಕೈ ಬೇಕು, ಮತ್ತು ಪೊಲೀಸನ ಎಡಗೈ ಸಾಮಾನ್ಯವಾಗಿ ಖಾಲಿ ಇರುವುದಿಲ್ಲ. ಅದು ಯಾರದೋ ಕಾಲರನ್ನೋ, ಬಾಗಿಲನ್ನೋ, ಟಾರ್ಚನ್ನೋ ಹಿಡಿದಿರುತ್ತದೆ.

ಸೇವೆಯುದ್ದಕ್ಕೂ ನಾನು ಆಯುಧವನ್ನು ಹೋಲ್‌ಸ್ಟರಿನಿಂದ ಹೊರತೆಗೆದದ್ದು ಏಳು ಸಲ. ಮನುಷ್ಯನೊಬ್ಬನ ಕಡೆಗೆ ಹಾರಿಸಿದ್ದು ಒಂದೇ ಸಲ. ಅದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನನ್ನ ಆಯ್ಕೆ ನಿಂತಿರುವುದು ಅದರ ಮೇಲೆಯೇ.

ಬೆಳಗಿನ ಹತ್ತು ಗಂಟೆ. ಊರ ಹೊರಗಿನ ಒಂದು ಕೇರಿ, ಎದುರುಬದುರು ಹೆಂಚಿನ ಮನೆಗಳು, ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ದಾರಿ. ಬಂಧಿಸಲು ಹೋದ ನಮ್ಮ ಮೇಲೆ ಆ ವ್ಯಕ್ತಿ ಮಚ್ಚು ಬೀಸಿದ. ನಮ್ಮ ಕಾನ್‌ಸ್ಟೆಬಲ್ ಅಡ್ಡ ಹಿಡಿದ ಕೈಯ ಎರಡು ಬೆರಳುಗಳು ಹೋದವು. ಎರಡನೆಯ ಏಟಿಗೆ ಅವನು ಕೈ ಎತ್ತಿದಾಗ ನಾನು ಎರಡು ಗುಂಡು ಹಾರಿಸಿದೆ. ಒಂದು ಅವನ ತೊಡೆಯ ಮಾಂಸವನ್ನು ತೂರಿ ಆಚೆ ಹೊರಟಿತು. ಇನ್ನೊಂದು ಅವನಿಗೆ ತಗಲಲೇ ಇಲ್ಲ, ಎದುರು ಮೋರಿಯ ಕಲ್ಲಿಗೆ ಬಡಿದು ಚಪ್ಪಟೆಯಾಗಿತ್ತು. ಅವನು ಕುಸಿದ. ಅವನನ್ನೂ ಕಾನ್‌ಸ್ಟೆಬಲನ್ನೂ ಒಂದೇ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದೆವು, ಇಬ್ಬರೂ ಬದುಕಿದರು.

ಮಹಜರಿನ ಹೊತ್ತಿಗೆ ತೊಡೆ ತೂರಿದ ಗುಂಡು ಎಲ್ಲಿ ಎಂಬ ಪ್ರಶ್ನೆ ಬಂದಿತು. ಹನ್ನೆರಡು ಹೆಜ್ಜೆ ಆಚೆ ಒಂದು ಮನೆಯ ತಗಡಿನ ಬಾಗಿಲಲ್ಲಿ, ನನ್ನ ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಬೆರಳು ತೂರುವಷ್ಟು ತೂತು ಕಂಡಿತು. ತೂತಿನ ಅಂಚು ಒಳಗಡೆಗೆ ಹೂವಿನ ಎಸಳಿನಂತೆ ಮಡಚಿಕೊಂಡಿತ್ತು. ಬಾಗಿಲು ತಟ್ಟಿದೆ. ಕಿವಿ ಅಷ್ಟಾಗಿ ಕೇಳದ ಒಬ್ಬ ಅಜ್ಜಿ ಒಳಗೆ ಗೋಡೆಗೊರಗಿ ಕಾಲು ಚಾಚಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅವರ ತಲೆಯಿಂದ ಒಂದು ಗೇಣು ಮೇಲೆ ಗೋಡೆಯ ಗಾರೆ ಕಿತ್ತು ಬಂದಿತ್ತು, ಅದರ ನಡುವೆ ತಾಮ್ರದ ಬಣ್ಣದ ಗುಂಡು ಅರ್ಧ ಹೂತು ನಿಂತಿತ್ತು. ಸುಣ್ಣದ ಪುಡಿ ಅವರ ತಲೆಯ ಮೇಲೂ ಮೊರದ ಅಕ್ಕಿಯ ಮೇಲೂ ಉದುರಿತ್ತು. "ಯಾರಪ್ಪ ಈ ಹೊತ್ನಲ್ಲಿ ಪಟಾಕಿ ಹಚ್ಚಿದ್ದು? ನೋಡಿ ಸ್ವಾಮಿ, ಅಕ್ಕಿಗೆಲ್ಲ ಸುಣ್ಣ ಬಿತ್ತು" ಎಂದರು. ನನ್ನಿಂದ ಮಾತು ಹೊರಡಲಿಲ್ಲ. ಪ್ರಯೋಗಾಲಯಕ್ಕೆ ಕಳಿಸಲು ಗುಂಡನ್ನು ಗೋಡೆಯಿಂದ ಬಿಡಿಸಿ ತೆಗೆದಾಗ ಅದು ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು. ಮೂತಿ ಮಾತ್ರ ತುಸು ಓರೆಯಾಗಿತ್ತು. ಒಬ್ಬ ಮನುಷ್ಯನ ತೊಡೆ ಮತ್ತು ಒಂದು ತಗಡು, ಎರಡನ್ನೂ ದಾಟಿ ಬಂದ ಗುಂಡು ಅದು.

ಆನಂತರ ನಡೆದ ವಿಚಾರಣೆಯಲ್ಲಿ ನಾನು ಹಾರಿಸಿದ್ದು ಸರಿಯೆಂದೇ ತೀರ್ಮಾನವಾಯಿತು. ಅಜ್ಜಿಯ ವಿಷಯ ವರದಿಯಲ್ಲಿ ಒಂದು ವಾಕ್ಯ: ಪ್ರಾಣಹಾನಿ ಸಂಭವಿಸಿರುವುದಿಲ್ಲ. ಆ ಒಂದು ಗೇಣಿನ ಅಂತರಕ್ಕೆ ನನ್ನ ಗುರಿಯಾಗಲಿ ನನ್ನ ತರಬೇತಿಯಾಗಲಿ ಕಾರಣವಾಗಿರಲಿಲ್ಲ.

9 ಎಂ.ಎಂ. ತೋಟಾ ಜರ್ಮನಿಯಲ್ಲಿ 1902ರ ಸುಮಾರಿಗೆ ಗಿಯೋರ್ಗ್ ಲೂಗರ್ ರೂಪಿಸಿದ್ದು. ನಮಗೆ ಕೊಡುತ್ತಿದ್ದದ್ದು 115 ಗ್ರೇನಿನ, ಅಂದರೆ ಏಳೂವರೆ ಗ್ರಾಮಿನ, ಪೂರ್ತಿ ಲೋಹದ ಹೊದಿಕೆಯ ಗುಂಡು. ಗಿಡ್ಡ ಬಂದೂಕಾದ ಕಾರ್ಬೈನಿಗೂ ಪಿಸ್ತೂಲಿಗೂ ಅದೇ ತೋಟಾ. ಹೊದಿಕೆಯಿರುವ ದುಂಡು ಮೂತಿಯ ಗುಂಡು ದೇಹದೊಳಗೆ ಅರಳುವುದಿಲ್ಲ, ನೇರವಾಗಿ ತೂರಿ ಹೋಗುತ್ತದೆ. ಯುದ್ಧಭೂಮಿಯಲ್ಲಿ ಇಂಥದ್ದನ್ನೇ ಬಳಸಬೇಕೆಂಬ ಕಟ್ಟಳೆ ಹುಟ್ಟಿದ್ದಕ್ಕೂ ನಮ್ಮ ನೆಲಕ್ಕೂ ಸಂಬಂಧವಿದೆ. 1890ರ ದಶಕದಲ್ಲಿ ಕೋಲ್ಕತ್ತಾ ಬಳಿಯ ಡಂ ಡಂ ಶಸ್ತ್ರ ಕಾರ್ಖಾನೆಯಲ್ಲಿ ಮೂತಿಯ ಹೊದಿಕೆ ತೆಗೆದ, ತಗುಲಿದಾಗ ಅರಳುವ ರೈಫಲ್ ಗುಂಡನ್ನು ಬ್ರಿಟಿಷರು ತಯಾರಿಸಿದರು. ಅದು ಮಾಡುತ್ತಿದ್ದ ಗಾಯದ ಭೀಕರತೆಯೇ ದೊಡ್ಡ ಚರ್ಚೆಯಾಗಿ, 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡುಗಳನ್ನು ನಿಷೇಧಿಸಿತು. ಆ ಘೋಷಣೆ ದೇಶಗಳ ನಡುವಿನ ಯುದ್ಧಕ್ಕೆ ಸಂಬಂಧಿಸಿದ್ದು. ಊರೊಳಗಿನ ಪೊಲೀಸ್ ಕೆಲಸಕ್ಕಲ್ಲ. ಅಮೆರಿಕದ ಪೊಲೀಸ್ ಇಲಾಖೆಗಳಲ್ಲಿ ಮೂತಿ ಟೊಳ್ಳಾಗಿರುವ, ಒಳಗೆ ಅರಳಿ ಅಲ್ಲೇ ನಿಲ್ಲುವ ಗುಂಡು ಸಾಮಾನ್ಯವಾಗಿದೆ. ನ್ಯೂಯಾರ್ಕ್ ನಗರದ ಪೊಲೀಸರು ಬಹಳ ವಾದವಿವಾದದ ನಂತರ 1998ರಲ್ಲಿ ಅದಕ್ಕೆ ಬದಲಾಯಿಸಿಕೊಂಡಾಗ ಮುಂದಿಟ್ಟ ಮುಖ್ಯ ಕಾರಣ, ಹೊದಿಕೆಯ ಗುಂಡು ಉದ್ದೇಶಿತ ವ್ಯಕ್ತಿಯನ್ನು ದಾಟಿ ದಾರಿಹೋಕರಿಗೆ ತಗಲುತ್ತದೆ ಎಂಬುದೇ ಆಗಿತ್ತು. ಅರಳುವ ಗುಂಡು ಕ್ರೂರ ಎಂಬ ಆಕ್ಷೇಪವನ್ನು ನಾನು ಲಘುವಾಗಿ ಕಾಣುವವನಲ್ಲ. ಗಾಯಗೊಂಡವನೂ ಮನುಷ್ಯನೇ, ಅವನನ್ನು ಆಸ್ಪತ್ರೆಗೆ ಸಾಗಿಸುವುದೂ ನಮ್ಮದೇ ಕೆಲಸ. ಆದರೆ ಸಂತೆಬೀದಿಯಲ್ಲಿ, ಬಸ್ ನಿಲ್ದಾಣದಲ್ಲಿ, ಕೇರಿಯ ಓಣಿಯಲ್ಲಿ ಕೆಲಸ ಮಾಡುವ ಪೊಲೀಸನ ಕೈಗೆ ರಣರಂಗದ ಗುಂಡನ್ನು ಕೊಡುವಾಗ, ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಯಾರಾದರೂ ಯೋಚಿಸಲೇಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆ ಅಜ್ಜಿಯ ಮನೆಯನ್ನು ನೋಡಿದ ಮೇಲೆ ನಂಬದೆ ಇರಲು ನನ್ನಿಂದ ಸಾಧ್ಯವಿಲ್ಲ.

ತೋಟಾದ ಬಲದ ಕುರಿತ ವಾದಗಳೆಲ್ಲ ಕೊನೆಗೆ ಹೋಗಿ ಸೇರುವುದು 1986ರ ಏಪ್ರಿಲ್ 11ರ ಅಮೆರಿಕದ ಮಯಾಮಿಗೆ. ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ಎಂಟು ಮಂದಿ ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. ಐದು ನಿಮಿಷವೂ ಹಿಡಿಯದ ಆ ಕಾಳಗದಲ್ಲಿ ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು, ದರೋಡೆಕೋರರಿಬ್ಬರೂ ಸತ್ತರು. ಆರಂಭದಲ್ಲೇ ತಗುಲಿದ 9 ಎಂ.ಎಂ. ಗುಂಡೊಂದು ಅವರಲ್ಲೊಬ್ಬನ ತೋಳನ್ನು ತೂರಿ ಎದೆಯೊಳಗೆ ಹೊಕ್ಕು, ಹೃದಯಕ್ಕೆ ಸುಮಾರು ಒಂದು ಅಂಗುಲ ಇರುವಾಗ ನಿಂತುಹೋಯಿತು. ಅವನು ಆನಂತರವೂ ರೈಫಲ್ ಹಿಡಿದು ಹೋರಾಡಿದ. ದೋಷವೆಲ್ಲ ಆ ಗುಂಡಿನ ತಲೆಗೆ ಬಂದಿತು. ಗುಂಡು, ದೇಹದ ಮಾಂಸಕ್ಕೆ ಬದಲಾಗಿ ಪ್ರಯೋಗಕ್ಕೆ ಬಳಸುವ ಜೆಲಟಿನ್ ಮುದ್ದೆಯಲ್ಲಿ ಕನಿಷ್ಠ 12 ಅಂಗುಲ, ಹೆಚ್ಚೆಂದರೆ 18 ಅಂಗುಲ ಇಳಿಯಬೇಕು ಎಂಬ ಅಳತೆ ಬಂದಿತು. ಮೊದಲು 10 ಎಂ.ಎಂ. ತೋಟಾಕ್ಕೆ ಹೋದರು, ಅದರ ಒದೆತ ಬಹಳ ಮಂದಿಗೆ ತಡೆಯಲಾಗದೆ, ಅದನ್ನು ತಗ್ಗಿಸಿದಂತಿದ್ದ .40 ತೋಟಾ 1990ರಲ್ಲಿ ಬಂದು ಅಮೆರಿಕದ ಪೊಲೀಸರಲ್ಲೆಲ್ಲ ಹರಡಿತು. ಸುಮಾರು ಕಾಲು ಶತಮಾನದ ನಂತರ ಎಫ್‌ಬಿಐ 9 ಎಂ.ಎಂ.ಗೇ ಮರಳಿತು. ಅಷ್ಟರಲ್ಲಿ ಗುಂಡಿನ ತಯಾರಿಕೆ ಸುಧಾರಿಸಿ ತೋಟಾಗಳ ನಡುವಿನ ಅಂತರ ಕಡಿಮೆಯಾಗಿತ್ತು. ಕಡಿಮೆ ಒದೆತದ ಆಯುಧದಲ್ಲಿ ಹೆಚ್ಚಿನವರ ಗುರಿ ಚೆನ್ನಾಗಿರುತ್ತದೆ ಎಂಬುದನ್ನೂ ಅವರು ಕಂಡುಕೊಂಡಿದ್ದರು.

ನನ್ನ ಗಮನ ಸೆಳೆದದ್ದು ಆ ಕಾಳಗದ ಬೇರೆ ವಿವರಗಳು. ಕಾರುಗಳು ಡಿಕ್ಕಿ ಹೊಡೆದ ರಭಸಕ್ಕೆ ಒಬ್ಬ ಅಧಿಕಾರಿಯ ಕನ್ನಡಕ ಹಾರಿಹೋಯಿತು, ಇನ್ನೊಬ್ಬರ ರಿವಾಲ್ವರ್ ಕೈಜಾರಿತು. ಎದುರಾಳಿಯ ಕೈಯಲ್ಲಿ ರೈಫಲ್ ಇತ್ತು, ಇವರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಕೈಬಂದೂಕು. ಇಂಥ ಗಳಿಗೆಯಲ್ಲಿ ಎರಡು ಮಿಲಿಮೀಟರ್ ದಪ್ಪ ಹೆಚ್ಚಿದ್ದ ಮಾತ್ರಕ್ಕೆ ಫಲ ಬೇರೆಯಾಗುತ್ತಿತ್ತು ಎನ್ನುವುದನ್ನು ಓಣಿಯಲ್ಲಿ ಒಮ್ಮೆಯಾದರೂ ಹಾರಿಸಿದವನು ಸುಲಭವಾಗಿ ಒಪ್ಪಲಾರ. ನಾನು ಹಾರಿಸಿದ ಎರಡರಲ್ಲಿ ಒಂದು ತಗುಲಲೇ ಇಲ್ಲ. ನಡುವೆ ಇದ್ದದ್ದು ಮೂರು ಗಜ ದೂರ.

ಕೊನೆಯ ಹಂತದಲ್ಲಿ ನಾಲ್ಕು ವರ್ಷ ನಗರದ ವಿಶೇಷ ಕರ್ತವ್ಯದಲ್ಲಿದ್ದಾಗ ಗ್ಲಾಕ್ 17 ತೊಟ್ಟಿದ್ದೆ. ಹಿಡಿಯ ಭಾಗವೆಲ್ಲ ಪಾಲಿಮರ್, ಆದ್ದರಿಂದ ಒನ್-ಎಗಿಂತ ಬಹಳ ಹಗುರ. ಮ್ಯಾಗಜೀನಿನಲ್ಲಿ 17 ತೋಟಾ. 2008ರ ಮುಂಬೈ ದಾಳಿಯ ಬಳಿಕ ದೇಶದ ಹಲವು ಪೊಲೀಸ್ ಪಡೆಗಳಿಗೆ ಇದು ಬಂದಿತು. ಅದರಲ್ಲಿ ಹೆಬ್ಬೆರಳಿನಿಂದ ಹಾಕುವ ಸೇಫ್ಟಿ ಇಲ್ಲ. ಟ್ರಿಗರಿನ ಮೇಲೇ ಒಂದು ಚಿಕ್ಕ ಪಟ್ಟಿಯಿದೆ, ಬೆರಳು ನೇರವಾಗಿ ಅದನ್ನು ಒತ್ತಿದರೆ ಮಾತ್ರ ಹಾರುತ್ತದೆ. ಬೆರಳು ಒತ್ತಿದರೆ ಹಾರಿಯೇ ಹಾರುತ್ತದೆ. ಒಂದು ಠಾಣೆಯಲ್ಲಿ ಒಬ್ಬ ಯುವಕ ಡ್ಯೂಟಿ ಮುಗಿಸಿ ಪಿಸ್ತೂಲು ಒಪ್ಪಿಸುವಾಗ, ಮೊದಲು ಸ್ಲೈಡ್ ಎಳೆದು, ಆಮೇಲೆ ಮ್ಯಾಗಜೀನ್ ಕಳಚಿದ. ಕ್ರಮ ತಿರುವುಮುರುವಾಯಿತು. ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜೀನಿನ ಮೇಲಿನ ತೋಟಾ ಚೇಂಬರಿಗೆ ಹೊಕ್ಕಿತ್ತು. ಖಾಲಿಯೆಂದು ನಂಬಿ ಟ್ರಿಗರ್ ಒತ್ತಿದ. ಗುಂಡು ಮರಳಿನ ಪೆಟ್ಟಿಗೆಗೆ ಹೋದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆ ಹುಡುಗ ಅರ್ಧ ಗಂಟೆ ನಡುಗುತ್ತ ಬೆಂಚಿನ ಮೇಲೆ ಕುಳಿತಿದ್ದ. ಅವನಿಗೆ ಬೈಯಲು ನನಗೆ ಮನಸ್ಸಾಗಲಿಲ್ಲ; ನೀರು ಕೊಟ್ಟು, ಮರುದಿನ ಬೆಳಿಗ್ಗೆ ಅವನ ಕೈಯಿಂದಲೇ ಖಾಲಿ ಪಿಸ್ತೂಲಿನಲ್ಲಿ ಆ ಕ್ರಮವನ್ನು ನೂರು ಸಲ ಮಾಡಿಸಿದೆ. ಗ್ಲಾಕ್ ಅತ್ಯುತ್ತಮ ಆಯುಧ. ಅದು ಕೇಳುವ ಶಿಸ್ತು ಪ್ರತಿದಿನದ್ದು.

ಪರವಾನಗಿಯ ಲೋಕಕ್ಕೆ ಬಂದಾಗ ಈ ಅನುಭವದಲ್ಲಿ ಮುಕ್ಕಾಲು ಪಾಲು ಕಾನೂನಿನ ಬಾಗಿಲಲ್ಲೇ ಉಳಿಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿ 9 ಎಂ.ಎಂ. ಪಿಸ್ತೂಲು, .38 ರಿವಾಲ್ವರ್ ಎರಡೂ ನಿಷೇಧಿತ ಬೋರಿಗೆ ಸೇರುತ್ತವೆ. ಅವುಗಳಿಗೆ ಅನುಮತಿ ಕೊಡುವುದು ಕೇಂದ್ರ ಸರ್ಕಾರ, ಅದೂ ಅಪರೂಪಕ್ಕೆ. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳೂ ಬೆಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಆಯುಕ್ತರೂ ಕೊಡುವ ಪರವಾನಗಿ ನಿಷೇಧಿತವಲ್ಲದ ಬೋರಿಗೆ. ಹಾಗಾಗಿ ಮೂವತ್ತೈದು ವರ್ಷ ನನ್ನ ಸೊಂಟದಲ್ಲಿದ್ದ ಯಾವ ತೋಟಾವನ್ನೂ ನಾನು ನಾಗರಿಕನಾಗಿ ಇಟ್ಟುಕೊಳ್ಳುವಂತಿರಲಿಲ್ಲ. ಇದನ್ನು ಅನ್ಯಾಯವೆಂದು ದೂರುವ ನಿವೃತ್ತ ಗೆಳೆಯರಿದ್ದಾರೆ. ನಾನು ಅವರ ಮಾತನ್ನು ಒಪ್ಪುವುದಿಲ್ಲ. ಪೊಲೀಸರ ತೋಟಾ ಹೊರಗೆ ಸಿಗದಿದ್ದರೆ ಕಳುವಾದ ತೋಟಾವನ್ನು ಗುರುತಿಸುವುದು ಸುಲಭ ಎಂಬುದನ್ನು ತನಿಖೆ ಮಾಡಿದವರೆಲ್ಲ ಬಲ್ಲರು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಐದು ವರ್ಷಕ್ಕೆ ಏರಿಸಿದೆ. ನನಗೆ ಬೇಕಿದ್ದದ್ದು ಒಂದೇ.

ಉಳಿದ ಆಯ್ಕೆ ಮುಖ್ಯವಾಗಿ .32 ಬೋರಿನದು, ಮತ್ತು ಅದರಲ್ಲಿ ಎರಡು ತೋಟಾಗಳಿವೆ. ಹೆಸರಿನಲ್ಲಿ ಎರಡೂ .32 ಆದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವಂತಿಲ್ಲ. ಪಿಸ್ತೂಲಿನದು ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ 7.65 ಎಂ.ಎಂ. ತೋಟಾ, ಗುಂಡು 71 ಗ್ರೇನ್, ಸ್ವಲ್ಪ ವೇಗ ಹೆಚ್ಚು. ಈಶಾಪುರದ ಅಶನಿ ಪಿಸ್ತೂಲು ಇದನ್ನು ಬಳಸುತ್ತದೆ. ರಿವಾಲ್ವರಿನದು 1896ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ಲಾಂಗ್. ಗುಂಡು ಸಾಮಾನ್ಯವಾಗಿ 98 ಗ್ರೇನ್, ವೇಗ ಕಡಿಮೆ. ಬಲದಲ್ಲಿ ಎರಡೂ 9 ಎಂ.ಎಂ.ನ ಅರ್ಧಕ್ಕೂ ಬರುವುದಿಲ್ಲ. ಕಾನ್ಪುರದ ಕಾರ್ಖಾನೆಗಳಿಂದ .32 ರಿವಾಲ್ವರುಗಳು ದಶಕಗಳಿಂದ ಬರುತ್ತಿವೆ: ನಡು ಬಾಗುವ ಹಳೆಯ ಮಾದರಿ, 2014ರಲ್ಲಿ ಮಹಿಳೆಯರಿಗೆಂದು ತಂದ ಅರ್ಧ ಕಿಲೋ ತೂಕದ ನಿರ್ಭೀಕ್, 2023ರಲ್ಲಿ ಬಂದ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಪ್ರಬಲ್.

ಮದ್ದುಗುಂಡಿನ ಅಂಗಡಿಗೆ ನಾನು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಮನೆಯಲ್ಲಿ ಆಯುಧವೊಂದು ಇರುವುದಾದರೆ ಅದರ ಬಗ್ಗೆ ಮಾತಾಡುವ ಹಕ್ಕು ಅವಳಿಗೂ ಇದೆ. ಅಂಗಡಿಯವರು ಮೊದಲು ಪಿಸ್ತೂಲು ತೋರಿಸಿದರು. ತೆಳ್ಳಗೆ, ಜೇಬಿಗೆ ಹಿಡಿಸುವಂತೆ ಇತ್ತು. ಸ್ಲೈಡ್ ಎಳೆಯಲು ಹೋದಾಗ ನನ್ನ ಬಲ ಹೆಬ್ಬೆರಳಿನ ಸಂದು ನೋವಿನಿಂದ ಚುರುಕ್ಕೆಂದಿತು. ಈ ಬಗೆಯ ಪಿಸ್ತೂಲುಗಳಲ್ಲಿ ತೋಟಾ ಸಿಡಿದಾಗ ಸ್ಲೈಡನ್ನು ತಡೆದು ಹಿಡಿಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಆದ್ದರಿಂದ ತೋಟಾ ಚಿಕ್ಕದಾದರೂ ಸ್ಪ್ರಿಂಗ್ ಬಿಗಿ. ಅರವತ್ತೆರಡರ ಕೈಗೆ, ನಿದ್ದೆಗಣ್ಣಿನಲ್ಲಿ, ಕತ್ತಲಲ್ಲಿ, ಅದು ಎಷ್ಟರ ಮಟ್ಟಿಗೆ ಸಾಧ್ಯ? ನಾಲ್ಕು ಸಲ ಎಳೆದು ನೋಡಿ ಕೆಳಗಿಟ್ಟೆ. ಆಮೇಲೆ ಪಕ್ಕಕ್ಕೆ ತೆರೆಯುವ ರಿವಾಲ್ವರ್ ಬಂದಿತು. ಸಿಲಿಂಡರ್ ತೆರೆದರೆ ಆರು ಕುಳಿಗಳೂ ಬೆಳಕಿಗೆ ಕಾಣುತ್ತವೆ. ತುಂಬಿದೆಯೋ ಖಾಲಿಯೋ ಎಂಬುದಕ್ಕೆ ಯಾವ ಕ್ರಮವನ್ನೂ ನೆನಪಿಡಬೇಕಿಲ್ಲ. ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು, ಸಿಲಿಂಡರಿನ ಒಳಗೆ ಕಣ್ಣಿಟ್ಟು ನೋಡಿ, "ಇದಾದ್ರೆ ಖಾಲಿ ಇದ್ಯಾ ಇಲ್ವಾ ಅಂತ ನಂಗೂ ಗೊತ್ತಾಗತ್ತೆ ಕಣ್ರೀ" ಎಂದಳು. ನಾನು ಅಂಗಡಿಯವರ ಒಪ್ಪಿಗೆ ಪಡೆದು, ನಳಿಗೆಯ ತುದಿಯ ಮೇಲೆ ಒಂದು ರೂಪಾಯಿಯ ನಾಣ್ಯವನ್ನಿಟ್ಟು, ಗೋಡೆಯ ಮೂಲೆಗೆ ಹಿಡಿದು ಟ್ರಿಗರ್ ಒತ್ತಿದೆ. ಭಾರವಾಗಿತ್ತು, ಆದರೆ ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿತ್ತು. ನಾಣ್ಯ ಬೀಳಲಿಲ್ಲ.

ಅದನ್ನೇ ಕೊಂಡೆ. .32ರಿಂದ ಏನಾಗುತ್ತದೆ ಸಾರ್ ಎಂದು ಕೇಳಿದವರು ಬಹಳ. ಅದು ದುರ್ಬಲ ತೋಟಾ ಎಂಬುದು ನಿಜ, ನಾನು ಅದನ್ನು ಮರೆಮಾಚುವುದಿಲ್ಲ. ಆದರೆ ಅದರ ಒದೆತ ಎಷ್ಟು ಕಡಿಮೆಯೆಂದರೆ ನಾನು ಏಳು ಗಜದಿಂದ ಆರಕ್ಕೆ ಆರನ್ನೂ ಅಂಗೈಯಗಲದೊಳಗೆ ಇಡಬಲ್ಲೆ, 9 ಎಂ.ಎಂ. ಹಿಡಿದ ಯಾವ ವರ್ಷದಲ್ಲೂ ಇದು ನನ್ನಿಂದ ಆಗಿರಲಿಲ್ಲ. ರೈಫಲ್ ಕ್ಲಬ್ಬಿನ ಮೈದಾನಕ್ಕೆ ಎರಡು ತಿಂಗಳಿಗೊಮ್ಮೆ ಹೋಗಿ, ಸಿಲಿಂಡರಿನಲ್ಲಿದ್ದ ಹಳೆಯ ಆರನ್ನು ಹಾರಿಸಿ ಹೊಸ ಆರನ್ನು ಇಡುತ್ತೇನೆ. ಅವಧಿ ಮೀರಿದ ಲಾಟುಗಳ ನೆನಪು ನನ್ನನ್ನು ಬಿಟ್ಟಿಲ್ಲ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇತರ ಪರವಾನಗಿದಾರರಂತೆ ನಾನೂ ಅದನ್ನು ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆದಿದ್ದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳನ್ನು, ಅಂದರೆ ಖಾಸಗಿ ರಕ್ಷಣೆಯ ಹಕ್ಕು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು, ಹೊಸ ಕಾನೂನು ಜಾರಿಗೆ ಬಂದ ಮೇಲೆ ಮತ್ತೊಮ್ಮೆ ಕುಳಿತು ಓದಿದೆ. ಸಮವಸ್ತ್ರದಲ್ಲಿ ಇದ್ದಾಗ ಬಂಧಿಸುವ ಕರ್ತವ್ಯ ನನ್ನ ಬೆನ್ನಿಗಿತ್ತು, ಈಗ ಇಲ್ಲ. ಓಡಿಹೋಗುವವನನ್ನು ಓಡಿಹೋಗಲು ಬಿಡಬೇಕು.

ರಿವಾಲ್ವರ್ ಮನೆಗೆ ಬಂದ ಮೊದಲ ಭಾನುವಾರ ನಾನು ಒಂದು ಟೇಪು ಮತ್ತು ಪೆನ್ಸಿಲು ಹಿಡಿದು ಮನೆಯ ಗೋಡೆಗಳನ್ನೆಲ್ಲ ಅಳೆದೆ. ಮಂದಗತಿಯ ಗುಂಡು ಎಂದ ಮಾತ್ರಕ್ಕೆ ಅದು ಗೋಡೆ ದಾಟದು, ಕಿಟಕಿ ದಾಟದು ಎಂದಲ್ಲ. ಪೂರ್ವದ ಗೋಡೆ ನಾಲ್ಕು ಅಂಗುಲದ ಟೊಳ್ಳು ಇಟ್ಟಿಗೆಯದು. ಅದರಾಚೆ ಮೂರು ಅಡಿ ಓಣಿ, ಓಣಿಯಾಚೆ ಪಕ್ಕದ ಮನೆಯ ಕಿಟಕಿ. ಮುಂಬಾಗಿಲಿನ ಎದುರು ರಸ್ತೆ. ಅಡುಗೆಮನೆಯಲ್ಲಿ ಗ್ಯಾಸಿನ ಸಿಲಿಂಡರು. ಮೆಟ್ಟಿಲಿನ ಕೆಳಗಿನ ಪಶ್ಚಿಮದ ಗೋಡೆ ಮಾತ್ರ ಕಲ್ಲಿನದು, ಅದರ ಹಿಂದೆ ಏರಿದ ಜಾಗದ ಮಣ್ಣು ಆಳೆತ್ತರಕ್ಕೆ ಇದೆ. ಮಲಗುವ ಕೋಣೆಯ ಬಾಗಿಲಿನ ಎಡಮೂಲೆಯಲ್ಲಿ ನಿಂತರೆ, ಯಾರಾದರೂ ಒಳಗೆ ನುಗ್ಗಿ ಬಂದರೆ, ಅವರ ಬೆನ್ನ ಹಿಂದೆ ಆ ಕಲ್ಲುಗೋಡೆಯೊಂದೇ ಇರುತ್ತದೆ. ಆ ಜಾಗದಲ್ಲಿ ನೆಲದ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕಿ ಹೆಂಡತಿಗೂ ತೋರಿಸಿದೆ. ಬೇರೆ ಯಾವ ಜಾಗದಿಂದಲೂ ನಾನು ಹಾರಿಸುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಕಳೆದ ತಿಂಗಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಕೆಳಗಿಳಿದು ಬಂದು, ಪಕ್ಕದ ಮನೆಯವರು ಹುಡುಗನ ಓದುವ ಮೇಜನ್ನು ನಮ್ಮ ಕಡೆಯ ಕಿಟಕಿಗೆ ತಾಗಿಸಿ ಹಾಕಿದ್ದಾರೆ ಎಂದಳು. ನಾನು ಎದ್ದು ಹೋಗಿ ಗುರುತಿನ ಮೇಲೆ ನಿಂತು ಕೈ ಚಾಚಿ ನೋಡಿದೆ. ಕಿಟಕಿ ನನ್ನ ಬಲಭುಜದ ಹಿಂದೆ ಉಳಿಯುತ್ತಿತ್ತು. ಆದರೂ ಮನಸ್ಸು ತಡೆಯದೆ, ಆ ಸಂಜೆ ನಾವಿಬ್ಬರೂ ಸೇರಿ ಪುಸ್ತಕದ ದೊಡ್ಡ ಬೀರುವನ್ನು ತಳ್ಳಿ ತಂದು, ಪುಸ್ತಕಗಳನ್ನೆಲ್ಲ ಬಿಗಿಯಾಗಿ ಜೋಡಿಸಿ, ಪೂರ್ವದ ಗೋಡೆಗೆ ಒರಗಿಸಿದೆವು.